ಅಲುಗಾಡುವ ಫರ್ಸಿ

"ಒಲಿ ಮುಂದಿನ ಕಲ್ಲಿನಿಂದ ಶುರು ಮಾಡು, ಅಂಬರಾಯ. ಹಾರಿ ಹಾಕು," ಎಂದಳು ಜೈತುನ್ಬೀ.

ಅಂಬರಾಯ ಹಾರೆ ಹಿಡಿದು ನಿಂತೇ ಇದ್ದ. ಅಂಗಳದ ಬೇವಿನ ಗಿಡದ ಕೆಳಗೆ ಅವಳ ಗಂಡ ಮಶಾಕ ಹೆಣಕ್ಕೆ ಸುತ್ತಿದ ಬಿಳಿ ಕಫನಿನಲ್ಲಿ ಮಲಗಿದ್ದ. ಇಪ್ಪತ್ತು ವರ್ಷ ಅಂಬರಾಯನ ಜೋಡಿ ಒಂದೇ ಖಣಿಯಲ್ಲಿ ಕಲ್ಲು ಸೀಳಿದವನು.

"ಭಾಬಿ, ನೆಲಾನೇ ಕಿತ್ರ ನೀವೆಲ್ಲಿ ಕುಂದ್ರತೀರಿ? ಇನ್ನೊಮ್ಮಿ ಖಣಿಗಿ ಹೋಗಿ ಕೇಳ್ತೀನಿ."

"ಏನಂತ ಕೇಳ್ತಿ? ಗೋರಿಗಿ ಹಾಸೋ ಐದು ಕಲ್ಲಿನ ರೊಕ್ಕ ನಿನ್ನ ಪಗಾರದಾಗ ಮುರಕೋತೀನಂದಾನಲ್ಲ ಆ ಗುತ್ತೇದಾರ! ಅವನ ಕಲ್ಲು ಬ್ಯಾಡ. ಕೀಳು."

ಶಹಾಬಾದಿನ ಸುತ್ತ ಕಲ್ಲಿಗೆ ಬರವೇ! ಎಲ್ಲಿ ಕೆದರಿದರೂ ನೆಲಕ್ಕೆ ಹಾಸುವ ಫರ್ಸಿಗಲ್ಲು. ಹೈದರಾಬಾದಿನ ಹವೇಲಿಗಳ ನೆಲವೆಲ್ಲ ಭಂಕೂರ ದಾರಿಯ ಈ ಓಣಿಯವರ ಕೈ ದಾಟಿ ಹೋದದ್ದು. ಅಂಥ ಓಣಿಯ ಮಶಾಕನ ಹೆಣದ ಮೇಲೆ ಮಣ್ಣು ಬೀಳದಂತೆ ಅಡ್ಡ ಇಡಲು ಐದು ಕಲ್ಲಿಲ್ಲ. ಗುತ್ತೇದಾರನ ಮನೆ ಕಡೆ ನಾಚಿಕೆ ಹಾದೂ ಹೋಗಿರಲಿಲ್ಲ.

ಚಿಂತೆ ಇನ್ನೊಂದಿತ್ತು. ಎಷ್ಟು ಕೆಲಸ, ಎಷ್ಟು ಕೂಲಿ, ಯಾವುದಕ್ಕೆ ಎಷ್ಟು ಮುರಿದದ್ದು, ಎಲ್ಲ ಬರೆದು ಕೂಲಿಯವರ ಕೈಗೆ ಚೀಟಿ ಕೊಡಬೇಕೆಂದು ಹೊಸ ಸರಕಾರದ ಕಾಯದೆ. ಗುತ್ತೇದಾರ ಕೊಡುತ್ತಿಲ್ಲವೆಂದು ಅರ್ಜಿಗೆ ಮೊದಲು ಹೆಬ್ಬೆಟ್ಟು ಒತ್ತಿದವನು ಮಶಾಕ. ನಾಳೆ ಸರಕಾರದ ಸಾಹೇಬರು ವಿಚಾರಣೆಗೆ ಬರುವವರಿದ್ದರು. "ಸಾಕ್ಷಿ ನನ್ನ ಮನ್ಯಾಗ ಅದ" ಎನ್ನುತ್ತಿದ್ದ ಮಶಾಕ, ನಿನ್ನೆ ಸಂಜೆ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಟ್ರಂಕು, ಜೋಳದ ಗಡಿಗೆ, ಕೌದಿಯ ಮಡಿಕೆ ಎಲ್ಲ ಹುಡುಕಿದರು. ಒಂದು ತುಂಡು ಕಾಗದ ಸಿಗಲಿಲ್ಲ. ಸಾಕ್ಷಿ ಇಲ್ಲದಿದ್ದರೆ ಮುರಿದ ಕೂಲಿ ಹೋದಂತೆಯೇ, ಅರ್ಜಿ ಕೊಟ್ಟ ಓಣಿಯವರ ಕೆಲಸವೂ ಹೋದಂತೆಯೇ.

ಒಲೆಯ ಮುಂದಿನ ಕಲ್ಲಿಗೆ ಹಾರೆ ಬೇಕಾಗಲಿಲ್ಲ. ಅದು ಬಹಳ ದಿನದಿಂದ ಅಲುಗಾಡುವ ಕಲ್ಲು. ಊರ ನೆಲವನ್ನೆಲ್ಲ ಸಪಾಟು ಮಾಡುವವನ ಮನೆಯಲ್ಲೇ ಫರ್ಸಿ ಕುಣಿಯುತ್ತದೆಂದು ಓಣಿಯವರಿಗೆ ಭಾರಿ ನಗೆ. ಜೈತುನ್ಬೀ ಬೈದರೆ "ನಾಳಿ ಕೂಡಸ್ತೀನಿ" ಎಂದು ನಾಲ್ಕು ವರ್ಷ ತಳ್ಳಿದ್ದ.

ಅಂಬರಾಯ ಬೆರಳು ತೂರಿಸಿ ಕಲ್ಲೆತ್ತಿ ಗೋಡೆಗೆ ಆನಿಸಿದ. ಅದರ ಅಡಿಮೈಯ ಮಣ್ಣನ್ನು ಅಂಗೈಯಿಂದ ಒರೆಸಿ ಬಗ್ಗಿ ನೋಡಿದ.

"ಏನೋ ಅದು? ಚೇಳೇನು?" ಬಾಗಿಲಲ್ಲಿ ನಿಂತಿದ್ದ ಚಂದಮ್ಮ ಕೇಳಿದಳು. ಖಣಿಯಲ್ಲಿ ಬುಟ್ಟಿ ಹೊರುವ ಮುದುಕಿ.

"ಚೇಳಲ್ಲವ್ವಾ. ಲೆಕ್ಕ."

*

ನಾಲ್ಕು ವರ್ಷದ ಹಿಂದೆ ಒಂದು ಶನಿವಾರ, ಬಟವಡೆಯ ದಿನ. ಕೂಲಿ ಹಂಚುವ ಮುನ್ಶಿ ಗುರುಲಿಂಗಪ್ಪನ ಮುಂದೆ ಮಶಾಕ ಅಂಗೈ ಬಿಚ್ಚಿ ನಿಂತಿದ್ದ.

"ಹನ್ನೆರಡು ರೂಪಾಯಿ ಬರಬೇಕಲ್ರಿ, ಎಂಟೇ ಅದಾವ. ನಾಕು ಯಾವುದಕ್ಕ ಮುರಕೊಂಡ್ರಿ?"

"ಸಿಡಿಮದ್ದು, ಚಾಣದ ಸಾಣಿ, ಒಡದ ಕಲ್ಲು. ಎಲ್ಲಾ ನನ್ನ ಖಾತೆದಾಗ ಅದ."

"ಹಂಗಿದ್ರ ಒಂದು ಚೀಟಿ ಮ್ಯಾಲೆ ಬರದು ಕೊಡ್ರಿ."

"ಕೊಟ್ರ ನಿನಗ ಓದಾಕ ಬರ್ತದೇನೋ?"

ಸಾಲಿನವರೆಲ್ಲ ನಕ್ಕರು. ಮಶಾಕನೂ ನಕ್ಕ.

"ಖರೇನ ಬಿಡ್ರಿ. ನೀವು ಬರದದ್ದು ನನಗ ಓದಾಕ ಬರಂಗಿಲ್ಲ. ನಾ ಬರದ್ರ ನಿಮಗ ಬರ್ತದೋ ಇಲ್ಲೋ ನೋಡೋಣು."

ಆ ಸಂಜೆ ಅವನು ಹೆಂಡತಿಯನ್ನು ಬೆಲ್ಲ ತರಲು ಅಂಗಡಿಗೆ ಕಳಿಸಿದ. ಅಂದಿನಿಂದ ಪ್ರತಿ ಬಟವಡೆಯ ಸಂಜೆ ಆ ಮನೆಯಲ್ಲಿ ತಪ್ಪದೆ ಬೆಲ್ಲ ಮುಗಿಯುತ್ತಿತ್ತು.

*

ಕಲ್ಲನ್ನು ಅಂಗಳಕ್ಕೆ ತಂದು ಮಲಗಿಸಿ ಚಂದಮ್ಮ ಒಂದು ಕೊಡ ನೀರು ಹೊಯ್ದಳು. ಮಣ್ಣು ಹರಿದು ಹೋಗಿ, ಚಾಣದಿಂದ ಕೊರೆದ ಗೆರೆಗಳು ಒಂದೊಂದಾಗಿ ಎದ್ದು ಕಂಡವು. ಒಬ್ಬೊಬ್ಬರಿಗೆ ವಾರಕ್ಕೊಂದು ಸಾಲು. ದುಡಿದದ್ದಕ್ಕೆ ನೆಟ್ಟಗಿನ ಗೆರೆ, ಮುರಿದದ್ದಕ್ಕೆ ಅಡ್ಡಗೆರೆ. ಸಾಲಿನ ತಲೆಗೆ ಪುಟ್ಟ ಪುಟ್ಟ ಚಿತ್ರ: ಚಾಣ, ಹಾರೆ, ಬುಟ್ಟಿ.

"ಹಾರಿ ಅಂದ್ರ ನಾನು!" ಎಂದ ಅಂಬರಾಯ. "ಈ ವಾರ ಖಾಲಿ ಅದ ನೋಡ್ರಿ. ನನಗ ಕಾಲು ಮುರದಿತ್ತಲ್ಲ, ಅದ ವಾರ ಇದು!"

ಚಂದಮ್ಮ ಬುಟ್ಟಿಯ ಮೇಲೆ ಬೆರಳಿಟ್ಟಳು. "ಬಟವಡಿ ದಿನಾ ಬೆನ್ನು ಹತ್ತತಿದ್ದ. ನಿನಗೆಷ್ಟು ಕೊಟ್ರು ಅವ್ವಾ, ಎಷ್ಟು ಮುರಕೊಂಡ್ರು ಅಂತ. ಮಂದಿ ರೊಕ್ಕದ ಮ್ಯಾಲೆ ಕಣ್ಣು ಇವನಿಗಿ ಅಂದುಕೊಂಡು ಬಾಯಿಗಿ ಬಂದಂಗ ಬೈದೀನಿ. ನನ್ನ ಬಾಯಿಗಿಷ್ಟು ಮಣ್ಣು ಹಾಕ್ಲಿ!" ಮುದುಕಿ ಗಳಗಳನೆ ಅತ್ತಳು.

ಪಕ್ಕದ ಕಲ್ಲೆತ್ತಿದರು. ಅದರ ಅಡಿಯೂ ತುಂಬಿತ್ತು. ತುಂಬಿದ ಕಲ್ಲನ್ನು ಗಚ್ಚು ಹಾಕಿ ಕೂಡಿಸಿ, ಹೊಸದನ್ನು ಒಲೆ ಮುಂದೆ ಅಲುಗಾಡಲು ಬಿಟ್ಟಿದ್ದ ಪುಣ್ಯಾತ್ಮ. ಹಿಂಗೇ ಐದು ಕಲ್ಲು. ಎಂಥ ಮನುಷ್ಯನಪ್ಪಾ! ಅದೇ ನೆಲದ ಮೇಲೆ ಓಣಿಯೆಲ್ಲ ಕೂತು ಈದಿನ ಊಟ ಮಾಡಿತ್ತು, ತಮ್ಮ ನಾಲ್ಕು ವರ್ಷದ ಬೆವರಿನ ಮೇಲೇ ಕೂತಿದ್ದೇವೆಂದು ಒಬ್ಬರಿಗೂ ತಿಳಿಯದೆ.

"ಈ ಕಲ್ಲು ಗೋರಿಗಿ ಹಾಕಿದ್ರ ನಾಳಿ ಸಾಹೇಬಗ ಏನು ತೋರಸೋದು?" ಎಂದಳು ಜೈತುನ್ಬೀ. ಗಂಡನ ಕಡೆ ನೋಡಿದಳು. "ಅಲ್ಲಿವರಿಗೂ ಇವನ್ನ ಮಣ್ಣಿಗಿ ಕೊಡೋದು ತಡಿಬೇಕೇನು?"

"ಯಾಕ ತಡೀಬೇಕ್ರಿ? ನಮ್ಮ ಮನ್ಯಾಗ ನೆಲ ಇಲ್ಲೇನು?" ಅಂಬರಾಯ ಹಾರೆ ಹೆಗಲಿಗಿಟ್ಟು ಹೊರಟ. ಗಳಿಗೆಯಲ್ಲಿ ಓಣಿಯ ಐದು ಮನೆಗಳಲ್ಲಿ ಹಾರೆಯ ಸದ್ದು ಕೇಳಿತು. ಮನೆಗೊಂದು ಫರ್ಸಿ ಹೊತ್ತು ತಂದರು.

ಆಗಲೇ ಮುನ್ಶಿ ಗುರುಲಿಂಗಪ್ಪ ಬಂದದ್ದು. ಏನೂ ಮುರಿದಿಲ್ಲವೆಂದು ನಾಳೆ ಸಾಹೇಬರ ಮುಂದೆ ಹೇಳಬೇಕಾದವನು ಅವನೇ. ಕಲ್ಲು ಮುಚ್ಚಲು ಯಾರೂ ಹೋಗಲಿಲ್ಲ.

ಅವನು ಮೊದಲನೆಯ ಸಾಲು ನೋಡಿದ, ಹನ್ನೆರಡು ನೆಟ್ಟಗೆ, ನಾಲ್ಕು ಅಡ್ಡ. ಕೊನೆಯ ಕಲ್ಲಿನ ಮೂಲೆಗೆ ಬಂದಾಗ ಕಾಲು ನಿಂತವು. ಅಲ್ಲಿ ಮಸಿಕುಡಿಕೆ, ಲೇಖನಿ. ಅದರ ಮುಂದೆ ಮೂರು ಅಡ್ಡಗೆರೆ. ಗುತ್ತೇದಾರ ತನ್ನ ಮೂರು ತಿಂಗಳ ಪಗಾರ ಹಿಡಿದಿಟ್ಟಿದ್ದಾನೆಂದು ಒಮ್ಮೆ ತಾನೇ ಬೀಡಿ ಸೇದುತ್ತ ಮಶಾಕನ ಹತ್ತಿರ ಅಂದಿದ್ದನಲ್ಲ!

"ನನ್ನದೂ ಬರದಾನ," ಎಂದ ಗುರುಲಿಂಗಪ್ಪ.

ಚಪ್ಪಲಿ ಕಳಚಿದ. ಕಂಕುಳಲ್ಲಿದ್ದ ಖಾತೆ ಪುಸ್ತಕದಿಂದ ಹಾಳೆ ಹರಿದ, ಒಂದಲ್ಲ, ಹತ್ತು. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಲೇಖನಿ ತೆಗೆದ. ದುಡಿದದ್ದು, ಮುರಿದದ್ದು ಬರೆದ ಮಶಾಕನ ಹೆಸರಿನ ಚೀಟಿ ಮೊದಲು ಮುಗಿಸಿ ಜೈತುನ್ಬೀಯ ಕೈಗೆ ಕೊಟ್ಟ.

ಮಶಾಕನ ಹೆಣ ಹೊತ್ತ ಜನಾಜಾ ಎದ್ದು ಓಣಿ ತಿರುಗಿದಾಗಲೂ ಅವನು ಅಲ್ಲೇ ಇದ್ದ. ಬುಟ್ಟಿಯ ಸಾಲಿನ ಒಂದು ಸೊಟ್ಟಗೆರೆಯ ಮೇಲೆ ಬೆರಳಿಟ್ಟು ತಲೆಯೆತ್ತಿದ.

"ಇದೇನು ಚಂದಮ್ಮಾ? ನನಗ ಓದಾಕ ಬರವಲ್ದು."

ಚಂದಮ್ಮ ಅವನ ಪಕ್ಕ ಕೂತಳು. ಮುನ್ಶಿಯ ಬೆರಳು ಹಿಡಿದು, ಮೊದಲಿನಿಂದ, ಗೆರೆಯಿಂದ ಗೆರೆಗೆ ನಡೆಸಿದಳು.