ಅಂಟು ಬಿಟ್ಟ ಮಾತು

ಒಂದೇ ಒಂದು ಅಕ್ಷರವೂ ಇರಲಿಲ್ಲ. ಅಬೆಲಾರ್ದೊ ಸೊರ್ಸಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಗೋಡೆಯುದ್ದಕ್ಕೂ ಗೆಳೆಯ ತಬೊರ್ದಾ ಬಿಡಿಸಿದ ಹಳೆಯ ಚಿತ್ರಕಥೆಯ ಚಿತ್ರಗಳು. ದೀಪಸ್ತಂಭದ ಕಾವಲುಗಾರ ಬಿರುಗಾಳಿಗೆ ಎದುರಾಗಿ ಬಾಯಿ ತೆರೆದು ನಿಂತಿದ್ದ. ಅವನ ತಲೆಯ ಮೇಲಿನ ಮಾತಿನ ಗುಳ್ಳೆ ಖಾಲಿಯಾಗಿತ್ತು.

"ಉದುರಿಹೋಗಿದೆ ಸರ್," ಎಂದಳು ಪ್ರದರ್ಶನ ಜೋಡಿಸುತ್ತಿದ್ದ ಮಿಲೇನಾ. "ಆಗೆಲ್ಲ ಮಾತನ್ನ ಚೀಟಿ ಮೇಲೆ ಬರೆದು ಅಂಟಿಸ್ತಿದ್ರಂತಲ್ಲ? ಅಂಟು ಒಣಗಿಬಿಟ್ಟಿದೆ. ಪೆಟ್ಟಿಗೆ ತೆಗೆದ್ರೆ ತಳದಲ್ಲಿ ಬರೀ ಪುಡಿ."

ಆ ಪುಡಿ ಅವನು ಅಡಿಗೆಮನೆಯ ಮೇಜಿನ ಮೇಲೆ ಟೈಪು ಮಾಡಿದ ಕಥೆ. ಆಗ ವಾರಕ್ಕೆ ಮೂರು ಕಥೆ, ಮೂರು ಸುಳ್ಳು ಹೆಸರು. ಇಡೀ ಪತ್ರಿಕೆಯನ್ನು ಒಬ್ಬನೇ ತುಂಬಿಸುತ್ತಾನೆಂದು ಓದುಗರಿಗೆ ತಿಳಿಯಬಾರದೆಂದು ಸಂಪಾದಕ ಹೇಳಿದ್ದ. ತಬೊರ್ದಾನಿಗೆ ಮಾತ್ರ ಒಂದೇ ಹೆಸರು, ಪ್ರತಿ ಪುಟದ ಮೂಲೆಯಲ್ಲೂ ಬಾಲ ಬಿಟ್ಟ ಸಹಿ. "ತಬೊರ್ದಾ ಅವರ ಜೊತೆ ಇರ್ತೀರಲ್ಲ, ನೀವೇನು, ಬಣ್ಣ ಹಾಕ್ತೀರಾ?" ಎಂದು ಬೊಯೆದೊ ಬಡಾವಣೆಯ ಕಟುಕ ಒಮ್ಮೆ ಕೇಳಿದ್ದ. ಅಂದಿನಿಂದ ಅಬೆಲಾರ್ದೊ ಮಾಂಸವನ್ನು ಬೇರೆ ಅಂಗಡಿಯಲ್ಲಿ ಕೊಳ್ಳುತ್ತಾನೆ.

ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎನ್ನುತ್ತಾರೆ. ಇಬ್ಬರಲ್ಲಿ ನಾರು ಯಾರು ಎಂಬುದನ್ನು ಅವನು ನಲವತ್ತು ವರ್ಷ ಒಬ್ಬನೇ ವಾದಿಸಿದ್ದ. ಎದುರು ವಾದಿಸಬೇಕಾದವನಿಗೆ ಅಂಥದೊಂದು ಜಗಳ ಇದೆಯೆಂಬುದೇ ಗೊತ್ತಿರಲಿಲ್ಲ.

ತಬೊರ್ದಾ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಇಟ್ಟುಕೊಂಡು ಬಂದ. ರೂಢಿಯಂತೆ ಮಾಟೆ ಎಲೆಯ ಕಷಾಯದ ಮೊದಲ ಕಹಿ ಸರದಿಯನ್ನು ತಾನೇ ಹೀರಿ, ಮತ್ತೆ ನೀರು ತುಂಬಿಸಿ ಸೋರೆಬುರುಡೆಯನ್ನು ಅಬೆಲಾರ್ದೊಗೆ ಕೊಟ್ಟ.

"ಏನೋ, ಯಾಕೆ ಮುಖ ಹಾಗಿದೆ?"

"ಏನಿಲ್ಲ."

"ಸಂಜೆ ಭಾಷಣದಲ್ಲಿ ನಿನ್ನ ಹೆಸರು ಹೇಳ್ತೀನಿ ಕಣೋ."

"ಹೇಳ್ಲೇಬೇಕು ಅಂತೇನಿಲ್ಲ."

"ಸರಿ ಬಿಡು ಹಾಗಾದ್ರೆ."

ಅಷ್ಟು ಸುಲಭವಾಗಿ ಬಿಟ್ಟನಲ್ಲ! ಇನ್ನೊಂದೇ ಒಂದು ಸಲ ಒತ್ತಾಯಿಸಿದ್ದರೆ ಅಬೆಲಾರ್ದೊ ಒಪ್ಪುತ್ತಿದ್ದ. ಒತ್ತಾಯಿಸಬೇಕೆಂದು ಹೇಳುವುದು ಹೇಗೆ?

"ನೀವೇ ಮತ್ತೆ ಬರೆದುಕೊಡಬಹುದಲ್ವಾ ಸರ್, ನೆನಪಿದ್ರೆ?" ಎಂದು ಮಿಲೇನಾ ಕೇಳಿದಳು.

ಅವನು ಮೊದಲ ಚಿತ್ರದ ಮುಂದೆ ನಿಂತ. ಕಾವಲುಗಾರ ಬಿರುಗಾಳಿಗೆ ಏನೋ ಹೇಳಿದ್ದ. ಏನು? ತಬೊರ್ದಾನ ಅಲೆಗಳು ಒಂದೊಂದೂ ನೆನಪಿದ್ದವು. ತಬೊರ್ದಾನಿಗೆ ಯಾವ ವರ್ಷ ಯಾವ ಬಹುಮಾನ ಬಂತು, ಯಾರು ಹಾರ ಹಾಕಿದರು, ಎಲ್ಲ ನೆನಪಿತ್ತು. ತನ್ನದೊಂದು ವಾಕ್ಯವೂ ಹೊಳೆಯಲಿಲ್ಲ.

"ನೋಡೋಣ," ಎಂದ.

"ಇದೊಂದು ಉಳ್ಕೊಂಡಿದೆ." ಮಿಲೇನಾ ಒಂದು ಚೀಟಿಯ ಹಿಂಬದಿಗೆ ಹೊಸ ಅಂಟು ಸವರಿ ಕೊನೆಯ ಚಿತ್ರದ ಮೇಲೆ ಹಿಡಿದಳು. "ಅಂಟಿಸಲಾ?"

'ನಾನಿನ್ನೂ ಇಲ್ಲೇ ಇದ್ದೇನೆ.'

ಕೊನೆಯ ಚಿತ್ರದಲ್ಲಿ ಕಾವಲುಗಾರ ನಮಗೆ ಬೆನ್ನು ಹಾಕಿದ್ದ. ಅವನ ಮುಂದೆ ಸಮುದ್ರ ಬಿಟ್ಟರೆ ಏನೂ ಇರಲಿಲ್ಲ. ಚೀಟಿ ಮೇಲಿದ್ದಾಗ ಅದು ಮಕ್ಕಳ ಕಥೆಯಾಗಿತ್ತು. ಅವಳು ಕೈ ಸರಿಸಿದೊಡನೆ ನೋಡಿದವರ ಎದೆ ನಡುಗುವಂತಿತ್ತು. ಅದು ಅಬೆಲಾರ್ದೊಗೆ ಸ್ಪಷ್ಟವಾಗಿ ಕಂಡಿತು. ಕಾಣದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಅಂಟಿಸಮ್ಮಾ," ಎಂದ ತಬೊರ್ದಾ. "ಇವನ ಮಾತಿಲ್ದೆ ನನ್ನ ಗೆರೆಗೇನು ಬೆಲೆ?"

ಅವನು ಅದನ್ನು ಮನಸಾರೆ ಹೇಳಿದ. ಅದನ್ನೇ ಅಬೆಲಾರ್ದೊಗೆ ಸಹಿಸಲಾಗಲಿಲ್ಲ. ಚಿತ್ರವೂ ಅವನದೇ, ಔದಾರ್ಯವೂ ಅವನದೇ ಆದರೆ ತನಗೇನು ಉಳಿಯಿತು?

"ಬೇಡ. ಖಾಲಿಯೇ ಚೆನ್ನಾಗಿದೆ," ಎಂದು ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡ.

"ನಿಮ್ದು ದೊಡ್ಡ ಮನಸ್ಸು ಸರ್."

ತಬೊರ್ದಾ ಬುರುಡೆಯನ್ನು ಮತ್ತೆ ತುಂಬಿಸಿ ಚಾಚಿದ. ಅಬೆಲಾರ್ದೊ ಬೇಡವೆಂದು ತಲೆಯಾಡಿಸಿ, ಸಂಜೆ ಬರುತ್ತೇನೆಂದು ಸುಳ್ಳು ಹೇಳಿ ಹೊರಬಿದ್ದ.

ಬಸ್ಸಿನ ಕಂಬದ ಹತ್ತಿರ ಚೀಟಿಯನ್ನು ಎಸೆಯಲು ನೋಡಿದ. ಅದು ಹೆಬ್ಬೆರಳಿಗೆ ಅಂಟಿಕೊಂಡಿತ್ತು. ಕೊಡವಿದ, ಪ್ಯಾಂಟಿಗೆ ಉಜ್ಜಿದ, ಬರಲಿಲ್ಲ. ಇಷ್ಟು ವರ್ಷ ಕಾಗದದ ಮೇಲೆ ನಿಲ್ಲಲಾರದೆ ಹೋದದ್ದು ಈಗ ಚರ್ಮವನ್ನು ಬಿಡಲೊಲ್ಲದು.

ಅಷ್ಟರಲ್ಲಿ ಬಸ್ಸು ಬಂತು. ಅವನು ಅದೇ ಕೈಯನ್ನು ಎತ್ತಿ ಹಿಡಿದ. ಬಸ್ಸಿನಲ್ಲಿ ಜಾಗವಿತ್ತು, ಚಾಲಕ ಅವನ ಕಡೆ ನೋಡಿದಂತೆಯೂ ಇತ್ತು.

ಬಸ್ಸು ನಿಲ್ಲಲಿಲ್ಲ. ಅವನ ಕೈ ಹಾಗೇ ಮೇಲಿತ್ತು, ಹೆಬ್ಬೆರಳಿನ ಮೇಲೆ ಆ ಮಾತು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು.