ಎಮ್ಮೆಕಲ್ಲು ಗುಡ್ಡದ ಗೆರೆ

ಅರ್ಧ ಬ್ಲೇಡನ್ನು ಎರಡು ಬೆರಳ ನಡುವೆ ಹಿಡಿದು ರಾಜಣ್ಣ ಗೆರೆಯನ್ನು ಕೆರೆಯುತ್ತಿದ್ದ. ಟ್ರೇಸಿಂಗ್ ಕಾಗದದ ಮೇಲೆ ಒಣಗಿದ್ದ ಕಪ್ಪು ಇಂಕು ಪುಡಿಯಾಗಿ ಏಳುತ್ತಿತ್ತು. ಜಾಸ್ತಿ ಒತ್ತಿದರೆ ಕಾಗದ ತೂತಾಗುತ್ತದೆ, ಕಡಿಮೆ ಒತ್ತಿದರೆ ಹಳೆಯ ಗೆರೆಯ ನೆರಳು ಉಳಿದು ಪ್ರಿಂಟಿನಲ್ಲಿ ಎದ್ದು ಬರುತ್ತದೆ. ಅವನ ಬೆನ್ನ ಹಿಂದೆ ಸಹಾಯಕ ನಿರ್ದೇಶಕ ಶಿವರುದ್ರಸ್ವಾಮಿಯವರು ಕೈಕಟ್ಟಿಕೊಂಡು ನಿಂತಿದ್ದರು.

"ಎಂಬತ್ತೇಳನೇ ಸರ್ವೆ ನಂಬರು ಗೆರೆಯಿಂದ ಹೊರಗಡೆ ಬರಬೇಕು. ಅಷ್ಟೇ," ಎಂದರು.

ಎಂಬತ್ತೇಳು ಅಂದರೆ ತೊರೆಹಳ್ಳಿಯ ಚಿಕ್ಕಮಲ್ಲಪ್ಪನವರ ಆರು ಎಕರೆ. ಎಮ್ಮೆಕಲ್ಲು ಗುಡ್ಡದ ಬುಡದಲ್ಲಿ, ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಗೆ ಕಾಣುವ ಹಾಗೆ ಇರುವ ಜಮೀನು. ಅವರ ಮಗ ಸೋಮಶೇಖರ್ ಅಲ್ಲಿ ಲಾಡ್ಜ್ ಕಟ್ಟಿಸುತ್ತಾನೆಂಬ ಸುದ್ದಿ ರಾಜಣ್ಣನ ಕಿವಿಗೂ ಬಿದ್ದಿತ್ತು. ಹಿಂದಿನ ದಿನ ಸಾಹೇಬರಿಗೆ ಮೇಲಿನಿಂದ ಫೋನು ಬಂದಿತ್ತು. ಫೋನು ಇಟ್ಟವರೇ ಈ ನಕ್ಷೆಯನ್ನು ತರಿಸಿ ಮೇಜಿನ ಮೇಲೆ ಹರಡಿಸಿದ್ದರು.

ಹೊಸ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಟ್ಟಸಾಲು ಸೌಂದರ್ಯ ಸಂರಕ್ಷಣಾ ಕೋಶವೆಂಬ ಈ ಕಚೇರಿ ಚಾಮರಾಜನಗರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿತ್ತು. ಅಡುಗೆಮನೆಯಲ್ಲಿ ನಕ್ಷೆ ಪ್ರಿಂಟು ಹಾಕುವ ಯಂತ್ರ. ಅದರ ಅಮೋನಿಯಾ ವಾಸನೆಗೆ ಕೆಳಗಿನ ಮನೆಯವರು ದಿನಾ ಬೈಯುತ್ತಿದ್ದರು. ರಾಜಣ್ಣ ಇಲ್ಲಿ ನಕ್ಷೆ ಬರೆಯುವ ಏಕೈಕ ಟ್ರೇಸರ್. ಮೈಸೂರಿನಲ್ಲಿ ನಾಲ್ಕು ವರ್ಷ, ಇಲ್ಲಿ ಎಂಟು ತಿಂಗಳು, ಎಲ್ಲ ದಿನಗೂಲಿ ಲೆಕ್ಕದಲ್ಲೇ. ಕೆಲಸ ಖಾಯಂ ಮಾಡುವ ಕಡತ ಸಾಹೇಬರ ಮೇಜಿನ ಮೇಲಿತ್ತು.

ಎಮ್ಮೆಕಲ್ಲು ಗುಡ್ಡ ಅವನ ಊರಿನದೇ. ಚಿಕ್ಕಂದಿನಲ್ಲಿ ದನ ಮೇಯಿಸಿದ ಗುಡ್ಡ. ಕರಿಕಲ್ಲು ಗಣಿಯವರು ಅದರ ಹಿಂಬದಿಯನ್ನು ತಿಂದುಹಾಕಿದ್ದರು, ಸಿಡಿಮದ್ದಿನ ಏಟಿಗೆ ಅವನು ಹುಟ್ಟಿ ಬೆಳೆದ ಕಾಲೋನಿಯ ಗೋಡೆಗಳು ಬಿರುಕು ಬಿಟ್ಟಿದ್ದವು. ಗುಡ್ಡವನ್ನು ಸೌಂದರ್ಯ ವಲಯವೆಂದು ಸಾರುವ ಕರಡು ಹೊರಟ ಮೇಲೆಯೇ ಗಣಿ ನಿಂತದ್ದು. ಅದಕ್ಕೇ ಈ ನಕ್ಷೆಯನ್ನು ಅವನು ಬಲು ಅಕ್ಕರೆಯಿಂದ ಬರೆದಿದ್ದ. ಗುಡ್ಡದ ತುದಿಯ ಬಂಡೆಗಳನ್ನು, ಸಾಹೇಬರು ಬೇಡವೆಂದರೂ, ಒಂದೊಂದಾಗಿ ಎಣಿಸಿ ಗುರುತು ಹಾಕಿದ್ದ.

ಎಂಬತ್ತೇಳು ಹೊರಗೆ ಬಂತು. ಆದರೆ ವಲಯದ ಒಟ್ಟು ವಿಸ್ತೀರ್ಣ ನಾನೂರ ಹನ್ನೆರಡು ಹೆಕ್ಟೇರು ಎಂದು ಬೆಂಗಳೂರಿಗೆ ವರದಿ ಹೋಗಿಯಾಗಿತ್ತು. ಇಲ್ಲಿ ಬಿಟ್ಟಷ್ಟನ್ನು ಇನ್ನೊಂದು ಕಡೆ ಸೇರಿಸಲೇಬೇಕು. ಸಾಹೇಬರು ಪೆನ್ಸಿಲಿನ ತುದಿಯಿಂದ ತೆಂಕಲ ಬದಿಯನ್ನು ತೋರಿಸಿ, ಗೆರೆಯನ್ನು ಕೆರೆ ಏರಿಯವರೆಗೂ ಇಳಿಸಲು ಹೇಳಿದರು. ರಾಜಣ್ಣನ ಬ್ಲೇಡು ನಿಂತಿತು. ಅದು ತೊಂಬತ್ತೊಂದನೇ ನಂಬರಿನ ಗೋಮಾಳ. ಕಾಲೋನಿಯ ಇಪ್ಪತ್ತೆರಡು ಮನೆಯವರಿಗೆ ಸೈಟು ಕೊಡಲು ಪಂಚಾಯಿತಿ ಆರಿಸಿದ ಜಾಗ. ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ಅವನ ಅಕ್ಕ ಗುರುಮಲ್ಲಮ್ಮನದು.

"ಸಾರ್, ಅಲ್ಲಿ ಸೈಟು ಕೊಡಬೇಕು ಅಂತ..."

"ಹಕ್ಕುಪತ್ರ ಆಗಿದೆಯಾ?"

"ಇಲ್ಲ ಸಾರ್."

"ನಕ್ಷೇಲಿ ಖಾಲಿ ಇದೆ. ಖಾಲಿ ಅಂದ್ರೆ ಖಾಲಿ."

ರಾಜಣ್ಣ ಪೆನ್ನಿಗೆ ಇಂಕು ತುಂಬಿ ಗೆರೆ ಎಳೆದ. ಗೆರೆ ಗುಡ್ಡದ ಇಳಿಜಾರನ್ನು ಹಿಡಿದು, ಕೆರೆ ಏರಿಯ ಬಳಿ ಮೆತ್ತಗೆ ತಿರುಗಿ ಮೇಲೆ ಹೋಯಿತು. ನೋಡಿದವರು ಅದು ಮೊದಲಿನಿಂದಲೂ ಅಲ್ಲಿಯೇ ಇತ್ತು ಎನ್ನಬೇಕು, ಹಾಗಿತ್ತು. ಒಂದು ಗಳಿಗೆ ಅವನಿಗೂ ಅದು ಚೆನ್ನಾಗಿ ಬಂದಿದೆ ಅನ್ನಿಸಿತು. ಆಮೇಲೆ ಎದ್ದು ಹೋಗಿ ನಲ್ಲಿಯ ಕೆಳಗೆ ತುಂಬ ಹೊತ್ತು ಕೈ ತೊಳೆದ.

ವಲಯದ ನಿಯಮಗಳು ಏಳು ಪುಟ ಇದ್ದವು. ಗೆರೆಯ ಒಳಗೆ ಹೊಸ ಮನೆ ಏಳುವಂತಿಲ್ಲ. ಇರುವ ಮನೆಗಳಿಗೆ ನಾಡಹೆಂಚು ಮಾತ್ರ. ತಗಡು ಹೊದಿಸಿದರೆ ರಸ್ತೆಯಿಂದ ಕಣ್ಣಿಗೆ ಹೊಡೆಯುತ್ತದೆ. ರಸ್ತೆಯ ತಿರುವಿನಲ್ಲಿ ವೀಕ್ಷಣಾ ತಾಣ, ಕಲ್ಲಿನ ಬೆಂಚು, ಹೂಬಿಡುವ ಮರಗಳು. ಆಕ್ಷೇಪಣೆ ಇದ್ದವರು ಅರವತ್ತು ದಿನಗಳೊಳಗೆ ಬರೆದು ಕೊಡಬೇಕು. ಅದರ ಒಂದು ಪ್ರತಿ ತೊರೆಹಳ್ಳಿ ಪಂಚಾಯಿತಿಗೂ ಹೋಯಿತು. ಕಾರ್ಯದರ್ಶಿ ಅದನ್ನು ಮಡಿಸಿ ಬೀರುವಿನಲ್ಲಿಟ್ಟ.

ನಲವತ್ತು ದಿನ ಕಳೆದರೂ ಊರಿನಿಂದ ಒಂದು ಕಾಗದವೂ ಬರಲಿಲ್ಲ. ರಾಜಣ್ಣ ದಿನಾ ಟಪಾಲು ನೋಡುತ್ತಿದ್ದ. ಕೊನೆಗೆ ಒಂದು ಭಾನುವಾರ ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹಿಡಿದು ಊರಿಗೆ ಹೊರಟ.

ಗುರುಮಲ್ಲಮ್ಮ ಅದೇ ಊರಿನ ಸೋದರಮಾವನ ಮಗನನ್ನು ಮದುವೆಯಾಗಿದ್ದಳು. ಮೈದುನನ ಮನೆಯ ಅರ್ಧ ಭಾಗದಲ್ಲಿ ಅವಳ ಸಂಸಾರ. ನಡುವೆ ಗೋಡೆಯಿಲ್ಲ, ಸಿಮೆಂಟು ಚೀಲಗಳನ್ನು ಹೊಲಿದು ಕಟ್ಟಿದ ಪರದೆ. ಆ ಕಡೆಯವರು ಕೆಮ್ಮಿದರೆ ಈ ಕಡೆ ಮಲಗಿದವರಿಗೆ ಎಚ್ಚರವಾಗುತ್ತಿತ್ತು. ಹದಿನಾಲ್ಕು ವರ್ಷದಿಂದ ಆ ಪರದೆಯ ಈಚೆ ಮಾತನ್ನೆಲ್ಲ ಪಿಸುಗುಟ್ಟಿಯೇ ಆಡಿ ಅವಳಿಗೆ ಬೇರೆಯವರ ಮನೆಯಲ್ಲೂ ಗಟ್ಟಿಯಾಗಿ ಮಾತಾಡಲು ಬಾರದಾಗಿತ್ತು. ಕಾಲೋನಿಯ ಯಜಮಾನ ಚಿಕ್ಕಯ್ಯನನ್ನು ಕರೆಸಿ ರಾಜಣ್ಣ ವಿಷಯ ಹೇಳಿದ. ಚಿಕ್ಕಯ್ಯ ಗಣಿ ನಿಂತಿದ್ದಕ್ಕೆ ಸರ್ಕಾರವನ್ನು ಹೊಗಳುತ್ತಲೇ ಬಂದಿದ್ದವನು, ಕೇಳಿ ಕೂತಲ್ಲಿಯೇ ತಲೆಗೆ ಟವಲು ಬಿಗಿದುಕೊಂಡ.

"ಗುಡ್ಡ ಉಳಿಸಿ ಅಂತ ನಾವೇ ಅರ್ಜಿ ಕೊಟ್ಟಿದ್ದು ಕಣ ರಾಜಣ್ಣ. ನಾವೇ ಹೆಬ್ಬೆಟ್ ಒತ್ತಿದ್ದು," ಎಂದ.

ರಾಜಣ್ಣ ಆಕ್ಷೇಪಣೆಯನ್ನು ತಾನೇ ಬರೆದ. ಬೇರೆಯವರ ಕೈಯಲ್ಲಿ ಬರೆಸಬಹುದಿತ್ತು. ಆದರೆ ಸರ್ವೆ ನಂಬರು, ನಿಯಮದ ಸಂಖ್ಯೆ ಒಂದೂ ತಪ್ಪಬಾರದೆಂದು ಅವನಿಗೆ ಆತುರ. ಇಪ್ಪತ್ತೊಂದು ಮನೆಯವರು ಬಂದು ಹೆಬ್ಬೆಟ್ಟು ಒತ್ತಿದರು. ಗುರುಮಲ್ಲಮ್ಮ ಮಾತ್ರ ಪೆನ್ನು ಕೇಳಿದಳು. ಸಾಕ್ಷರತೆ ಕ್ಲಾಸಿಗೆ ಎರಡು ವರ್ಷ ಹೋಗಿದ್ದಳು. ನಾಲಗೆ ಕಚ್ಚಿಕೊಂಡು, ಒತ್ತಕ್ಷರದ ಹತ್ತಿರ ನಿಂತು, ಮತ್ತೆ ಹೊರಟು, ಹೆಸರು ಬರೆದು ಮುಗಿಸಿದಳು. ಆಮೇಲೆ ತಮ್ಮನನ್ನು ಕೇಳಿದಳು:

"ನಿಮ್ಮ್ ಆಪೀಸಿಂದೇ ಅಲ್ವಲಾ ಇದು? ಗೀಟು ಎಳ್ದೋರು ಯಾರು?"

"ಮೇಲ್ನೋರು ಕಣಕ್ಕ."

"ನೀನು ನೋಡ್ನಿಲ್ವಾ ಎಳೆಯೋವಾಗ?"

"ನಾನು ಬ್ಯಾರೆ ಕೆಲ್ಸದಲ್ಲಿದ್ದಿ."

ಅವಳು ಅದನ್ನು ನಂಬಿ, ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಅರ್ಜಿ ಅಂಚೆಯಲ್ಲಿ ಬಂದ ದಿನ ಸಾಹೇಬರು ಅದನ್ನು ಎರಡು ಸಲ ಓದಿದರು. ರಾಜಣ್ಣನನ್ನು ಕರೆದು ಕೂರಲು ಹೇಳಿದರು. ಹಾಗೆ ಅವರು ಎಂದೂ ಹೇಳಿದವರಲ್ಲ. "ತೊರೆಹಳ್ಳೀಲಿ ಇಷ್ಟು ಚೆನ್ನಾಗಿ ಬರೆಯೋರು ಇದ್ದಾರೆ," ಎಂದರು. ಆ ದುಂಡನೆಯ ಅಕ್ಷರದ ಮೇಲೆ ಬೆರಳಾಡಿಸಿ ಅರ್ಜಿಯನ್ನು ಪಕ್ಕಕ್ಕಿಟ್ಟರು. ಸದರಿ ಜಾಗವು ವೀಕ್ಷಣಾ ತಾಣದ ಎದುರಿನ ನೋಟದಲ್ಲಿ ಬರುವುದರಿಂದ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ ಎಂದು ಮೂರು ಸಾಲಿನ ಹಿಂಬರಹ ಟೈಪಾಗಿ ಹೋಯಿತು.

ಅಂತಿಮ ನಕ್ಷೆಯನ್ನು ಗಾಜು ಹಾಕಿಸಿ ಪಂಚಾಯಿತಿಯಲ್ಲಿ ತೂಗುಹಾಕಬೇಕೆಂದು ಆಯಿತು. ರಾಜಣ್ಣ ಐದು ದಿನ ಕೂತು ಬರೆದ. ವಲಯಕ್ಕೆಲ್ಲ ತಿಳಿಹಸಿರು ಬಣ್ಣ ತುಂಬಿದ. ಮುಗಿಯಿತು ಎನ್ನುವಾಗ ಸಾಹೇಬರು ಬಂದು ಕೆಳಗಿನ ಮೂಲೆಯಲ್ಲಿ ಬೆರಳಿಟ್ಟರು. ಅಲ್ಲಿ ಅವರ ಸಹಿಗೆ ಮಾತ್ರ ಜಾಗ ಬಿಡುವುದು ವಾಡಿಕೆ.

"ಇಲ್ಲಿ ನಕ್ಷೆ ಬರೆದವರು ಅಂತ ಹಾಕು. ನಿನ್ನ ಹೆಸರು, ತಂದೆ ಹೆಸರು, ಊರು. ಶ್ರಮ ಪಟ್ಟೋನು ನೀನು."

"ಬೇಡಿ ಸಾರ್. ರೂಢಿ ಇಲ್ಲ."

"ಇಲ್ದಿದ್ರೆ ಇವತ್ತಿಂದ ಆಗಲಿ. ಕಣ್ಣಿಗೆ ಕಾಣೋ ಹಾಗೆ, ದಪ್ಪಕ್ಕೆ ಬರಿ. ನಿಮ್ಮೂರಿಗೇ ಹೋಗೋ ನಕ್ಷೆ ತಾನೆ."

ರಾಜಣ್ಣ ಅವರ ಮುಖ ನೋಡಿದ. ಅದರಲ್ಲಿ ಸಿಟ್ಟು ಇರಲಿಲ್ಲ. ಅವರು ಮೇಜಿನ ಕಡೆಗೆ ತಿರುಗಿ, ಖಾಯಮಾತಿಯ ಕಡತವನ್ನು ಎತ್ತಿ ಇನ್ನೊಂದರ ಕೆಳಗಿಟ್ಟು, ಮತ್ತೆ ಮೇಲಕ್ಕೆ ತೆಗೆದಿಟ್ಟರು. ಅವನು ಕೂತು ಬರೆದ. ಅದೇ ವಾರ ಆದೇಶಕ್ಕೆ ಸಹಿಯಾಯಿತು. ಹೆಂಡತಿ ಶಿವಲಕ್ಷ್ಮಿ ಪಾಯಸ ಮಾಡಿದಳು. ಅಕ್ಕನಿಗೂ ಹೇಳಿಕಳಿಸಬೇಕೆಂದಳು. ನಾನೇ ಹೇಳುತ್ತೇನೆ ಎಂದು ರಾಜಣ್ಣ ಆ ಮಾತನ್ನು ಮುಗಿಸಿದ.

ಡಿಸೆಂಬರಿನ ಒಂದು ಬೆಳಗ್ಗೆ ಸಾಹೇಬರು ನಕ್ಷೆ ತೂಗುಹಾಕಲು ಅವನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಎಂಬತ್ತೇಳರಲ್ಲಿ ಪಾಯ ತೆಗೆದು ಕಂಬಿ ಕಟ್ಟುತ್ತಿದ್ದರು. ಸೋಮಶೇಖರ್ ಪಂಚಾಯಿತಿ ಬಾಗಿಲಲ್ಲೇ ಹಾರ ಹಿಡಿದು ನಿಂತಿದ್ದ. ಮೊಳೆ ಹೊಡೆದು ನಕ್ಷೆ ಏರಿಸಿದ್ದಾಯಿತು. ಸಾಹೇಬರು ಗುಡ್ಡದ ಚೆಲುವನ್ನು ಮುಂದಿನ ಪೀಳಿಗೆಗೆ ಉಳಿಸುವ ಬಗ್ಗೆ ಹತ್ತು ನಿಮಿಷ ಮಾತಾಡಿ ಎಳನೀರು ಕುಡಿಯಲು ಹೊರಗೆ ಹೋದರು. ಅವರ ಹಿಂದೆಯೇ, ರಾಜಣ್ಣನನ್ನು ಬಿಟ್ಟು, ಉಳಿದವರೂ ಹೋದರು.

ಬಾಗಿಲ ಹತ್ತಿರ ನಿಂತಿದ್ದ ಕಾಲೋನಿಯವರು ಆಗ ಒಳಗೆ ಬಂದರು. ಗುರುಮಲ್ಲಮ್ಮ ನಕ್ಷೆಯ ಎದುರು ನಿಂತಳು. ಹಸಿರನ್ನು ನೋಡಿದಳು. ಕೆರೆಯನ್ನು ಗುರುತು ಹಿಡಿದಳು. ಆಮೇಲೆ ಅವಳ ಬೆರಳು ಗಾಜಿನ ಮೇಲೆ ಕೆಳಗಿನ ಮೂಲೆಗೆ ಬಂತು. ಅಕ್ಷರ ದಪ್ಪವಾಗಿತ್ತು, ದುಂಡಾಗಿತ್ತು, ಎಲ್ಲಿಯೂ ತೊಡಕಿರಲಿಲ್ಲ. ಅವಳು ಕ್ಲಾಸಿನಲ್ಲಿ ಓದುತ್ತಿದ್ದ ಹಾಗೆ ಒಂದೊಂದನ್ನೇ ಬಿಡಿಸಿ, ಎಲ್ಲರಿಗೂ ಕೇಳುವ ದನಿಯಲ್ಲಿ ಓದಿದಳು. ನ-ಕ್ಷೆ. ಬ-ರೆ-ದ-ವ-ರು. ಪು-ಟ್ಟ-ಮಾ-ದ-ಯ್ಯ-ನ ಮ-ಗ...

ಚಿಕ್ಕಯ್ಯ ಪೂರ್ತಿ ಕೇಳದೆ ಹೊರಗೆ ನಡೆದ. ರಾಜಣ್ಣ ಸುತ್ತಿಗೆ ಹಿಡಿದೇ ನಿಂತಿದ್ದ.

"ಇಸ್ಟು ದಿನ್ಕೆ ನಾನೂ ಒಂದ್ನ ಪೂರಾ ಓದ್ಬುಟ್ಟಿ ಕಣ್ಲಾ," ಎಂದಳು ಗುರುಮಲ್ಲಮ್ಮ. ಬೆರಳನ್ನು ಗಾಜಿನಿಂದ ತೆಗೆದು, "ಅಪ್ಪನ್ ಹೆಸ್ರೂ ಹಾಕ್ಬುಟ್ಟಿದ್ದೀಯ," ಎಂದಳು.

ಅವನು ಸಾಹೇಬರ ವಿಷಯ, ಕಡತದ ವಿಷಯ, ಫೋನಿನ ವಿಷಯ ಎಲ್ಲ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಕಾರ್ಯದರ್ಶಿ ಬಂದು, ತೊಂಬತ್ತೊಂದರಲ್ಲಿ ಸೈಟು ಗುರುತಿಗೆ ಕಾಲೋನಿಯವರು ನೆಟ್ಟ ಕಲ್ಲುಗಳನ್ನು ಇವತ್ತೇ ಕೀಳಬೇಕಂತೆ, ನಾಳೆ ಪೇಪರಿನವರು ಫೋಟೋ ತೆಗೆಯಲು ಬರುತ್ತಾರೆ, ಇಲ್ಲದಿದ್ದರೆ ಟ್ರಾಕ್ಟರಿನಲ್ಲಿ ತುಂಬಿಸಿ ಒಯ್ಯುತ್ತೇವೆ ಎಂದ. ಗುರುಮಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ಬೇರೆ ಹೆಂಗಸರೂ ಹೊರಟರು.

ವಾಪಸು ಹೋಗುವಾಗ ಸಾಹೇಬರು ರಸ್ತೆಯ ತಿರುವಿನಲ್ಲಿ ಬೆಂಚು ಹಾಕುವ ಜಾಗ ನೋಡಲು ಜೀಪು ನಿಲ್ಲಿಸಿದರು. ಕೆಳಗೆ ಗೋಮಾಳದಲ್ಲಿ ಹೆಂಗಸರು ಹಾರೆಯಿಂದ ಕಲ್ಲು ಮೀಟುತ್ತಿದ್ದರು. ರಾಜಣ್ಣ ಅಪ್ಪಣೆ ಕೇಳದೆ ಇಳಿಜಾರು ಇಳಿದು ಹೋದ. ಗುರುಮಲ್ಲಮ್ಮ ತನ್ನ ಸೈಟಿನ ಕಲ್ಲನ್ನು ಕಿತ್ತು ಮಣ್ಣು ಒರೆಸುತ್ತಿದ್ದಳು. ಗಂಡ ಗಣಿಯ ಕೆಲಸಕ್ಕೆ ಹೋಗುತ್ತಿದ್ದಾಗ ಸೀಳಿ ತಂದಿದ್ದ ನುಣುಪಾದ ಕರಿಕಲ್ಲು. ಅವಳು ಹಳೇ ಬಟ್ಟೆಯನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. ರಾಜಣ್ಣ ಬಗ್ಗಿ ಕಲ್ಲಿನ ಒಂದು ತುದಿಗೆ ಎರಡೂ ಕೈ ಕೊಟ್ಟ.

ಅವಳು ಅವನನ್ನು ನೋಡಲಿಲ್ಲ.

"ಸಣ್ಣಮ್ಮ, ಒಸಿ ಕೈ ಕೊಡು ಬಾ," ಎಂದು ಕರೆದಳು.

ಸಣ್ಣಮ್ಮ ಗೋಮಾಳದ ಆ ಕೊನೆಯಲ್ಲಿದ್ದಳು. ಹಾರೆಯನ್ನು ನೆಲಕ್ಕೆ ಹಾಕಿ, ಕೈ ಝಾಡಿಸಿಕೊಂಡು, ನಿಧಾನವಾಗಿ ನಡೆದು ಬಂದಳು. ಅವಳು ಬರುವವರೆಗೂ ಗುರುಮಲ್ಲಮ್ಮ ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದಳು. ರಾಜಣ್ಣ ಕಲ್ಲನ್ನು ಬಿಟ್ಟು ಪಕ್ಕಕ್ಕೆ ಸರಿದ. ಇಬ್ಬರು ಹೆಂಗಸರೂ ಕೂಡಿ ಅದನ್ನು ಎತ್ತಿದರು. ಗುರುಮಲ್ಲಮ್ಮನ ಕತ್ತು ಒಮ್ಮೆ ಕುಸಿದು ನೆಟ್ಟಗಾಯಿತು. ಅವಳು ಕೈ ಬಿಟ್ಟು, ಕೆರೆ ಏರಿಯ ಮೇಲೆ ಹಾಯ್ದು ಕಾಲೋನಿಯ ಕಡೆಗೆ ನಡೆದಳು. ಮೇಲೆ ಜೀಪಿನ ಹಾರ್ನು ಎರಡು ಸಲ ಕೂಗಿತು. ಕಲ್ಲು ಕಿತ್ತ ಗುಂಡಿಯ ಅಂಚಿನಿಂದ ಕೆಮ್ಮಣ್ಣು ಒಂದಿಷ್ಟೊಂದಿಷ್ಟೇ ಒಳಗೆ ಜಾರುತ್ತಿತ್ತು.