ಖಾರ ಕುಡಿದ ಕೈಪಂಪು

ನಾನು ಹುಳಕ್ಕೆ ಔಷಧಿ ಹೊಡೆಯುವ ಒಂದು ತಗಡಿನ ಕೈಪಂಪು. ದಾವಣಗೆರೆಯ ತಗಡಿನ ಡಬ್ಬಿ ಮಾಡುವ ಒಂದು ಅಂಗಡಿಯಲ್ಲಿ, ಕತ್ತರಿ, ಸುತ್ತಿಗೆ, ಬೆಸುಗೆಯ ಹೊಗೆಯ ನಡುವೆ ಹುಟ್ಟಿದೆ. ನನ್ನನ್ನು ಮಾಡಿದ ಮುದುಕ ನೀರು ತುಂಬಿ ಹಿಡಿ ಒತ್ತಿ ನೋಡಿ, ತನ್ನ ಮೂಗಿಗೇ ಸಿಡಿಸಿಕೊಂಡು, ಪಾಸು ಎಂದ.

ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ನನಗೆ ಮೊದಲ ಕೆಲಸ. ಮ್ಯಾನೇಜರ್ ಹಾಲಪ್ಪ ನನ್ನ ಹೊಟ್ಟೆಗೆ ವಿಷ ತುಂಬಿ ತಿಗಣೆ ಬೇಟೆಗೆ ಹೊರಡುತ್ತಿದ್ದರು. ನಾವು ಏಳನೇ ನಂಬರಿಗೆ ನುಗ್ಗಿದರೆ ತಿಗಣೆಗಳು ಎಂಟಕ್ಕೆ ಹೋಗುತ್ತಿದ್ದವು. ಎಂಟಕ್ಕೆ ಬಂದರೆ ಏಳಕ್ಕೆ ಮರಳುತ್ತಿದ್ದವು. ಆದರೂ ಹಾಲಪ್ಪ ಗೆದ್ದವರಂತೆ ಎದೆಯುಬ್ಬಿಸಿ ನಡೆಯುತ್ತಿದ್ದರು.

ನಿವೃತ್ತರಾದಾಗ ನನ್ನನ್ನೂ ಮನೆಗೆ ತಂದರು. ತಾರಸಿಯಲ್ಲಿ ಬದನೆ, ಮೆಣಸಿನ ಕುಂಡಗಳನ್ನಿಟ್ಟರು. ತಿನ್ನುವ ಗಿಡಕ್ಕೆ ವಿಷ ಬೇಡವೆಂದು ಅವರ ಹೆಂಡತಿ ಗುರುಶಾಂತಮ್ಮ ಪಟ್ಟು ಹಿಡಿದದ್ದರಿಂದ, ನನ್ನ ಹಳೆಯ ಡಬ್ಬಿ, ಕೊಳವೆ ಎರಡನ್ನೂ ಕಿತ್ತು ಹೊಸದನ್ನು ಬೆಸೆಸಿದರು. ಅದರೊಳಗೆ ಬಿದ್ದದ್ದು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಸೋಸಿದ ನೀರು. ಮೊದಲ ಗುಟುಕಿಗೇ ನನ್ನ ವಾಷರು ಉರಿಯಿತು.

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಖುರ್ಷಿದಾಬಿ ಇದ್ದರು. ತೀರಿಹೋದ ತಾಯಿ ನೆಟ್ಟಿದ್ದ ಗಿಡದ ಕಡ್ಡಿಯಿಂದ ಅವರು ಒಂದು ಕೆಂಪು ದಾಸವಾಳ ಬೆಳೆಸಿದ್ದರು. ಅದಕ್ಕೆ ಬಿಳಿ ಹಿಟ್ಟುಹುಳ ಹತ್ತಿತ್ತು. ಹರಿಹರದ ಮಗಳ ಮನೆಗೆ ಹೋಗುವಾಗ ಗಿಡವನ್ನು ಹಾಲಪ್ಪನವರಿಗೆ ಒಪ್ಪಿಸಿ, ನೀರು ಬಿಟ್ಟು ಬೇರೇನೂ ಹಾಕಬೇಡಿ, ಹುಳವನ್ನು ನಾನೇ ಬಂದು ನೋಡಿಕೊಳ್ಳುತ್ತೇನೆ ಎಂದರು.

ಹಾಲಪ್ಪ ತಡೆದದ್ದು ಒಂದೇ ದಿನ. ನೀರು ಬೆರೆಸಿದರೆ ಖಾರ ಸಾಯುತ್ತದೆಂದು ಗಟ್ಟಿ ರಸವನ್ನೇ ತುಂಬಿ, ಸುಡು ಮಧ್ಯಾಹ್ನ ಹೊಡೆದರು. ಮೂರನೇ ದಿನಕ್ಕೆ ಎಲೆಗಳೆಲ್ಲ ಸುಟ್ಟ ಹಪ್ಪಳ. ಹುಳಗಳು ಮಾತ್ರ ಕಾಂಡದ ಮೇಲೆ ಆರಾಮವಾಗಿದ್ದವು.

ಹಾಲಪ್ಪನವರಿಗೆ ಊಟ ಸೇರಲಿಲ್ಲ. ನಿಜ ಹೇಳಿಬಿಡಿ ಎಂದು ಗುರುಶಾಂತಮ್ಮ ಎಷ್ಟು ಹೇಳಿದರೂ ಕೇಳದೆ, ನರ್ಸರಿಯಿಂದ ಅಷ್ಟೇ ಎತ್ತರದ ದಾಸವಾಳ ತಂದು ಆ ಕುಂಡದಲ್ಲಿ ನೆಟ್ಟರು. ಬೋಳು ಗಿಡವನ್ನು ಇನ್ನೊಂದು ಕುಂಡಕ್ಕೆ ಹಾಕಿ ನೀರಿನ ಟ್ಯಾಂಕಿನ ಹಿಂದೆ ಅಡಗಿಸಿದರು.

ಖುರ್ಷಿದಾಬಿ ಬಂದು ಹಸಿರು ಗಿಡ ನೋಡಿ ಹಿಗ್ಗಿ, ಹಾಲಪ್ಪನವರಿಗೆ ಸಿಹಿ ಕೊಟ್ಟರು. ಅವರು ಅದನ್ನು ಹಾಗೇ ಗುರುಶಾಂತಮ್ಮನ ಕೈಗಿಟ್ಟರು. ನಾಲ್ಕು ದಿನಕ್ಕೆ ಮೊಗ್ಗು ಅರಳಿತು. ಹಳದಿ.

“ಹಾಲಪ್ಪಣ್ಣ, ನಮ್ಮಮ್ಮನ ಗಿಡ ಎಲ್ಲೈತಿ?” ಎಂದು ಅವರು ಮೆಲ್ಲಗೆ ಕೇಳಿದರು.

ಹಾಲಪ್ಪ ಟ್ಯಾಂಕಿನ ಹಿಂದಿನಿಂದ ಕುಂಡ ತಂದು ಮುಂದಿಟ್ಟರು. “ತಪ್ಪಾತಮ್ಮ. ನಾನೇ ಸುಟ್ಟೆ.”

ಖುರ್ಷಿದಾಬಿ ಉಗುರಿನಿಂದ ಕಾಂಡ ಕೆರೆದರು. ಒಳಗೆ ಹಸಿರಿತ್ತು. ಅಲ್ಲೇ ಕುಳಿತು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯ ಚೂರಿನಿಂದ ಹುಳಗಳನ್ನು ಒರೆಸಿದರು. ಚಿಗುರು ಬಂದ ಮೇಲೆ ಲೀಟರು ನೀರಿಗೆ ಒಂದೇ ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ನನಗೆ ಕುಡಿಸಿದರು. ಮೊದಲು ಒಂದು ಎಲೆಗೆ ಹೊಡೆದು ಒಂದು ದಿನ ಕಾದರು. ಉಳಿದದ್ದಕ್ಕೆ ಸಂಜೆಯ ತಂಪಿನಲ್ಲಿ ಹೊಡೆದರು. ಕೆಂಪು ಹೂ ಬಿಟ್ಟ ದಿನ, ಆ ಹಳದಿ ಹೂ ಕಂಡ ಮೇಲೆ ಮೊದಲ ಬಾರಿಗೆ ನಕ್ಕು, ನನ್ನನ್ನು ಎತ್ತಿಕೊಂಡರು.

“ಇದು ನನ್ ಹತ್ರನೇ ಇರ್ಲಿ. ಬೇಕಾದಾಗ ಕೇಳಿ ತಗೊಳ್ರಿ.”

ಈಗ ನನಗೆ ತುಕ್ಕು ಹಿಡಿದಿದೆ. ಹೊಲಿಗೆ ಮಿಷಿನ್ನಿನ ಪಕ್ಕದ ಗೂಡು ನನ್ನ ಮನೆ. ಹಾಲಪ್ಪ ಸಂಜೆ ಬಂದು, ಎಷ್ಟು ಚಮಚ ಎಂದು ಕೇಳಿಕೊಂಡು ಒಯ್ಯುತ್ತಾರೆ. ಜೀವವಿರುವುದರ ಮೇಲೆ ಕೈ ಹಗುರವಿರಬೇಕೆಂದು ತಗಡಾದ ನನಗೂ ತಿಳಿಯಿತು. ಅವರಿಗೆ ತಿಳಿಯಲು ಸ್ವಲ್ಪ ತಡವಾಯಿತು. ನನ್ನ ಬೆಸುಗೆ ಬಿಟ್ಟಿರುವುದರಿಂದ ಒತ್ತಿದಾಗ ಅರ್ಧ ಗಿಡಕ್ಕೆ, ಅರ್ಧ ಅವರ ಅಂಗಿಗೆ. ಗಿಡದ ಮಾತು ಹೇಗೋ, ಅಂಗಿಗಂತೂ ಇದುವರೆಗೆ ಒಂದು ಹುಳವೂ ಹತ್ತಿಲ್ಲ.